ಚಳಿ ಉಂಡ ಗೆಡ್ಡೆಗಳು

“ಅಯ್ಯಯ್ಯೋ, ಈರುಳ್ಳಿ! ಪೆರುಮಾಳ್ ಕೈಂಕರ್ಯ ಮಾಡೋ ಮನೆ ಬಾಗಿಲಿಗೆ ಈರುಳ್ಳಿ ತಂದಿದ್ದಾನಲ್ಲ!”

ವೆಂಕಟಲಕ್ಷ್ಮಮ್ಮನವರ ಕೂಗು ಬೀದಿಯ ತಿರುವಿನವರೆಗೂ ಕೇಳಿಸಿತು. ಕೂಗಿನ ಹಿಂದೆಯೇ ಬಟ್ಟೆಯ ಚೀಲವೊಂದು ಜಗುಲಿಯಿಂದ ಹಾರಿ ಅಂಗಳಕ್ಕೆ ಬಿತ್ತು. ಬಾಯಿ ಬಿಚ್ಚಿದ ಚೀಲದಿಂದ ಕಂದು ಸಿಪ್ಪೆಯ ಗೆಡ್ಡೆಗಳು ರಂಗೋಲಿಯ ಮೇಲೆಲ್ಲ ಉರುಳಿದವು.

ಚೀಲ ತಂದವನು ಮೆಟ್ಟಿಲ ಕೆಳಗೆ ಕಕ್ಕಾಬಿಕ್ಕಿಯಾಗಿ ನಿಂತಿದ್ದ. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ, ಹಣೆಯ ಮೇಲೆ ಅಳಿಸಿಹೋಗುತ್ತಿದ್ದ ವಿಭೂತಿ. ಮೊಣಕಾಲೂರಿ ಒಂದೊಂದೇ ಗೆಡ್ಡೆ ಆರಿಸತೊಡಗಿದ. ಎಷ್ಟು ಜೋಪಾನವಾಗಿ ಎತ್ತುತ್ತಿದ್ದನೆಂದರೆ, ಗೂಡಿನಿಂದ ಬಿದ್ದ ಹಕ್ಕಿಮರಿಗಳೇನೋ ಎನ್ನಬೇಕು.

ಒಂದು ಗೆಡ್ಡೆ ಹೊಸಲಿನ ಬಳಿಯೇ ಉಳಿದಿತ್ತು. ಬಾಗಿಲ ಮರೆಯಲ್ಲಿದ್ದ ಅವರ ತಮ್ಮನ ಮಗಳು ಯದುಗಿರಿ ಬಗ್ಗಿ ಅದನ್ನು ಎತ್ತಿಕೊಂಡಳು, ಮೂಸಿದಳು.

“ಅತ್ತೆ, ಇದಕ್ಕೆ ವಾಸನೆಯೇ ಇಲ್ಲ. ಇದು ಈರುಳ್ಳಿ ಅಲ್ಲ.”

ಅವನು ತಲೆಯೆತ್ತಿ ನೋಡಿದ. ಆ ಮನೆಯಲ್ಲಿ ತನ್ನ ಪರವಾಗಿ ಬಂದ ಮೊದಲ ಮಾತಿಗೆ ಅವನ ಕಣ್ಣಲ್ಲಿ ಸಣ್ಣ ನಗು ಮಿನುಗಿತು. ಯದುಗಿರಿ ಅರ್ಧ ಹೆಜ್ಜೆ ಹಿಂದೆ ಸರಿದಳು. ಗೆಡ್ಡೆ ಮಾತ್ರ ಕೈಯಲ್ಲೇ ಉಳಿಯಿತು.

ಅವನ ಹೆಸರು ಜಯದೇವಪ್ಪ. ಹಾರನಹಳ್ಳಿಯ ತೆಂಗಿನ ತೋಟದ ದೇವೀರಪ್ಪನವರ ಮಗ, ಹಗರೆಯ ಸರ್ಕಾರಿ ತೋಟದಲ್ಲಿ ಅಧಿಕಾರಿ. ಟ್ರೈನಿಂಗಿಗೆಂದು ಕಾಶ್ಮೀರಕ್ಕೆ ಹೋದಾಗ ಶ್ರೀನಗರದ ಬೀದಿಯಲ್ಲಿ ಯಾರೋ ಕನ್ನಡದಲ್ಲಿ ಗೊಣಗುವುದು ಕಿವಿಗೆ ಬಿದ್ದಿತ್ತಂತೆ. ತಿರುಗಿ ನೋಡಿದರೆ ಮಿಲಿಟರಿ ಆಫೀಸಿನ ಗುಮಾಸ್ತೆ ನಾಣಿ, ಯದುಗಿರಿಯ ಅಣ್ಣ.

“ನಾಣಿಯವರೇ ಕಳಿಸಿದ್ದು. ಟ್ಯೂಲಿಪ್ ಅಂತ, ಹೂವಿನ ಗೆಡ್ಡೆ. ತಂಗಿಗೆ ಕೊಡಿ ಅಂದ್ರು.”

ಆ ವೇಳೆಗೆ ಯದುಗಿರಿಯ ತಂದೆ ಗೋಪಾಲಸ್ವಾಮಿಗಳು ದೇವಸ್ಥಾನದಿಂದ ಬಂದರು. ಗೆಡ್ಡೆಯೊಂದನ್ನು ದೂರದಿಂದಲೇ ನೋಡಿ ಕೇಳಿದರು: “ದೇವರಿಗೆ ಏರುತ್ತೋ?”

“ಪರಿಮಳ ಇಲ್ಲ, ಸ್ವಾಮಿ.”

“ಮುಡಿಯೋಕೆ?”

“ಬರಲ್ಲ. ದಂಟು ದಪ್ಪ.”

“ಮತ್ತೆ ಯಾತಕ್ಕೆ?”

“ನೋಡೋಕೆ, ಸ್ವಾಮಿ. ಅಷ್ಟೇ.”

ಗೋಪಾಲಸ್ವಾಮಿಗಳು ಮಗಳತ್ತ ನೋಡಿದರು. ಯದುಗಿರಿಗೆ ಇಪ್ಪತ್ತಮೂರು. ಕೈಹಿಡಿದವನು ಮದುವೆಯಾದ ವರ್ಷವೇ ವಿಷಮಶೀತ ಜ್ವರದಲ್ಲಿ ತೀರಿಕೊಂಡಿದ್ದ. ಅವಳ ತಲೆಗೂದಲು ತೆಗೆಸುವ ಮಾತು ಬಂದ ದಿನ ತಾಯಿ ಚೆಲುವಾಂಬ ಬಾವಿಕಟ್ಟೆ ಹತ್ತಿ ನಿಂತಿದ್ದರು. ಮಾತು ಅಲ್ಲಿಗೇ ನಿಂತಿತ್ತು. ಕೂದಲು ಉಳಿದರೂ ಹೂವು ಉಳಿದಿರಲಿಲ್ಲ. ಹಿತ್ತಲ ಮಲ್ಲಿಗೆಯ ಬಳ್ಳಿಯ ಹತ್ತಿರ ಅವಳು ಹೋದರೂ ಅತ್ತೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

“ಮುಡಿಯೋ ಹೂವಲ್ಲ ಅಂದಮೇಲೆ ದೋಷವೇನು? ಯದುಗಿರಿಯೇ ನೋಡಿಕೊಳ್ಳಲಿ” ಎಂದು ಅವರು ಒಳಗೆ ನಡೆದರು.

*

ಹಿತ್ತಲಿಗೆ ಓಣಿಯ ಕಡೆಯಿಂದ ಬೇರೆ ಬಾಗಿಲಿತ್ತು. ಮರುದಿನ ಜಯದೇವಪ್ಪ ಅಲ್ಲಿಂದ ಬಂದ. ಹಿಂಬಾಗಿಲ ಮೆಟ್ಟಿಲ ಮೇಲೆ ವೆಂಕಟಲಕ್ಷ್ಮಮ್ಮ ತುಳಸಿಮಣಿ ಹಿಡಿದು ಕಾವಲು ಕೂತರು. ಗೋಪಾಲಸ್ವಾಮಿಗಳ ಅಕ್ಕ ಅವರು. ಮೇಲುಕೋಟೆಯಿಂದ ಬಂದು ತಂಗಿದ್ದರು. ಮುಂಡನ ಮಾಡಿದ ತಲೆಯ ಮೇಲೆ ಕೆಂಪು ಸೀರೆಯ ಸೆರಗು ಎಂದೂ ಜಾರುತ್ತಿರಲಿಲ್ಲ.

ಜಯದೇವಪ್ಪ ಬಾವಿಯ ಹಿಂದಿನ ಗೋಡೆಯ ಬುಡ ಆರಿಸಿದ. ಮಧ್ಯಾಹ್ನದ ಬಿಸಿಲು ತಾಗದ ಜಾಗ. ಮಣ್ಣು ಅಗೆದು, ಮರಳು, ಎಲೆಗೊಬ್ಬರ ಬೆರೆಸಿ, ಕೈತೊಳೆದು ದೂರ ನಿಂತ.

“ಇನ್ನು ನೀವು ಇಡಿ. ಚೂಪು ಮೇಲೆ. ಗೆಡ್ಡೆ ಎಷ್ಟು ಎತ್ತರವೋ ಅದರ ಮೂರರಷ್ಟು ಆಳ.”

“ಒಂದಕ್ಕೊಂದು ಎಷ್ಟು ದೂರ?”

“ನಾಲ್ಕು ಬೆರಳು.”

“ಯಾರ ಬೆರಳು? ನಿಮ್ಮದೋ, ನನ್ನದೋ?”

ಕೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಇಂಥ ಮಾತು ತನ್ನ ಬಾಯಿಂದ ಬಂದು ಎಷ್ಟು ಕಾಲವಾಗಿತ್ತು! ಅವನು ಮಣ್ಣಿನಲ್ಲಿ ಊರಿದ್ದ ಅವಳ ಬೆರಳುಗಳನ್ನು ನೋಡಿ, ತಕ್ಷಣ ಬಾವಿಯ ರಾಟೆಯತ್ತ ನೋಟ ತಿರುಗಿಸಿದ.

“ನಿಮ್ಮದೇ ಇರಲಿ. ಹತ್ತಿರ ಇದ್ರೆ ಒಂದರ ನೆರಳು ಇನ್ನೊಂದಕ್ಕೆ.”

ಮೆಟ್ಟಿಲ ಮೇಲೆ ಅತ್ತೆ ಕೆಮ್ಮಿದರು.

ನೀರು ಬೆಳಗ್ಗೆ ಹಾಕಬೇಕು, ಬಾವಿಯಿಂದ ಸೇದಿದ ತಕ್ಷಣ. ನಿಲ್ಲಲೂ ಬಾರದು, ಒಣಗಲೂ ಬಾರದು. ಮೇಲೆ ಭತ್ತದ ಹುಲ್ಲು ಹೊದಿಸಬೇಕು. ಅವಳು ಎಲ್ಲವನ್ನೂ ಕೇಳಿಕೊಂಡು ಕೊನೆಗೆ ಅನುಮಾನದಿಂದ ಹೇಳಿದಳು: “ಕಾಶ್ಮೀರದ ಗೆಡ್ಡೆ ಬೇಲೂರಲ್ಲಿ ಬರುತ್ತಾ?”

“ಈ ಸಲ ಬರುತ್ತೆ. ಅಲ್ಲಿನ ಚಳಿಯೆಲ್ಲ ಉಂಡು ಬಂದಿವೆ. ಮಂಜಲ್ಲೇ ತಿಂಗಳುಗಟ್ಟಲೆ ಕೂತಿದ್ವು. ಆ ಚಳಿ ಹೊಟ್ಟೆಯಲ್ಲಿ ಇದ್ರೇನೇ ಇವು ಹೂವು ಬಿಡೋದು.”

“ಮುಂದಿನ ವರ್ಷ?”

ಅವನು ತಡವರಿಸಿದ. “ಮುಂದಿನ ವರ್ಷ ಬರಲ್ಲ. ನಮ್ಮ ಚಳಿ ಇವಕ್ಕೆ ಸಾಲದು. ನಿಮಗೆ ಸುಳ್ಳು ಹೇಳಬಾರದು.”

ಯದುಗಿರಿ ಕೊನೆಯ ಗೆಡ್ಡೆಯ ಮೇಲೆ ಮಣ್ಣು ಮುಚ್ಚಿದಳು. ಎಲ್ಲ ಸರಿಹೋಗುತ್ತೆ ಕಣೇ, ದೇವರಿದ್ದಾನೆ ಎಂದು ವರ್ಷಗಳಿಂದ ಎಲ್ಲರೂ ಅವಳಿಗೆ ಹೇಳುತ್ತಲೇ ಬಂದಿದ್ದರು. ಬರುವುದಿಲ್ಲ ಎಂಬುದನ್ನು ಬರುವುದಿಲ್ಲ ಎಂದೇ ಹೇಳಿದವನು ಇವನೊಬ್ಬ.

*

ವಾರಕ್ಕೊಮ್ಮೆ ಅವನು ಬಂದ. ಹುಲ್ಲು ಸರಿಸಿ ನೋಡುವುದು, ಎರಡು ಮಾತು, ಒಂದು ಲೋಟ ಮಜ್ಜಿಗೆ. ಬುಧವಾರ ಬೆಳಗಾದರೆ ಯದುಗಿರಿಗೆ ಓಣಿಯಲ್ಲಿ ನಡೆಯುವ ಪ್ರತಿಯೊಂದು ಚಪ್ಪಲಿಯ ಸದ್ದೂ ಕೇಳಿಸತೊಡಗಿತು. ತನಗೆ ಹೀಗಾಗುತ್ತಿರುವುದು ಅವಳಿಗೆ ಹಿಡಿಸಲಿಲ್ಲ. ಹೀಗಾಗದ ದಿನಗಳು ಅದಕ್ಕಿಂತಲೂ ಹಿಡಿಸಲಿಲ್ಲ.

ಮೊಳಕೆಗಳು ಹುಲ್ಲಿನ ನಡುವೆ ಹಸಿರು ಮೂಗು ತೂರಿಸಿದವು. ಒಂದು ಮಾತ್ರ ಹಳದಿಯಾಗಿ ಬಾಗಿತು. ಅವಳು ಬಗೆದು ನೋಡಿದರೆ ಗೆಡ್ಡೆ ಮೆತ್ತಗಾಗಿ ನಾರುತ್ತಿತ್ತು.

“ನನ್ನ ಕೈಯೇ ಅಂಥದ್ದು” ಎಂದಳು, ಅವನು ಬಂದಾಗ. “ಅತ್ತೆ ಹೇಳೋದು ಸುಳ್ಳಲ್ಲ. ನಾನು ಮುಟ್ಟಿದ್ದು ಉಳಿಯಲ್ಲ.”

ಅವನಿಗೆ ಸಿಟ್ಟು ಬಂದದ್ದನ್ನು ಅವಳು ಅಂದೇ ಮೊದಲು ನೋಡಿದ್ದು. “ಕೈ ಅಲ್ಲ, ನೀರು! ಆ ಮೂಲೇಲಿ ಬಚ್ಚಲ ನೀರು ಇಂಗ್ತಾ ಇದೆ, ನೋಡಿ. ನಾನೇ ನೋಡಬೇಕಿತ್ತು. ಕೊಳೆತದ್ದನ್ನ ತೆಗೆದುಬಿಡಿ. ಬೇರೆಯವಕ್ಕೂ ಅಂಟುತ್ತೆ.”

ಅವಳು ತೆಗೆದಳು. ಅವನು ಬಚ್ಚಲ ನೀರಿಗೆ ಬೇರೆ ಕಾಲುವೆ ತೋಡಿದ. ಗುದ್ದಲಿ ಏಳುವಾಗ, ಬೀಳುವಾಗ ಅವಳ ಎದೆಯೂ ಅದರೊಂದಿಗೆ ಏಳುತ್ತಿತ್ತು, ಬೀಳುತ್ತಿತ್ತು.

ಶಿವರಾತ್ರಿ ಕಳೆಯಿತು. ಚಳಿ ಶಿವಶಿವಾ ಎಂದು ಓಡಿಹೋಯಿತು. ಮೊಗ್ಗು ಇನ್ನೂ ಎಲೆಯ ಒಳಗೇ ಇರುವಾಗ ಬಿಸಿಲು ಕಾದ ಹೆಂಚಿನಂತೆ ಇಳಿಯಿತು. ಮಧ್ಯಾಹ್ನಕ್ಕೆ ಎಲೆಗಳು ಜೋಲುತ್ತಿದ್ದವು. ಯದುಗಿರಿ ಗೋಣಿತಾಟು ಒದ್ದೆಮಾಡಿ ಚಪ್ಪರ ಕಟ್ಟಿದಳು. ಸಾಲಲಿಲ್ಲ.

ಆ ಸೋಮವಾರ, ವಾಡಿಕೆಯ ದಿನವಲ್ಲದಿದ್ದರೂ, ಓಣಿಯ ಬಾಗಿಲು ತಟ್ಟಿದ ಸದ್ದಾಯಿತು. ಜಯದೇವಪ್ಪ ನಿಂತಿದ್ದ. ಹೆಗಲ ಮೇಲೆ ಗೋಣಿಚೀಲ, ಅದರಿಂದ ಸೋರುವ ನೀರು. ಅಂಗಿಯ ಒಂದು ಬದಿ ಪೂರಾ ಒದ್ದೆ, ಮೈತುಂಬ ಮರದ ಹೊಟ್ಟು.

“ಏನಿದು?”

“ಐಸು. ಊರಿಗೆ ಹೋಗಿದ್ದೆ. ಬರುವಾಗ ಅರಸೀಕೆರೆಯಲ್ಲಿ ಹಾಕಿಸ್ಕೊಂಡೆ. ಹಳೇಬೀಡಿನ ಹತ್ತಿರ ಬಸ್ಸು ಕೆಟ್ಟು ನಿಂತುಬಿಡ್ತು. ಅರ್ಧ ಅಲ್ಲೇ ಕರಗಿಹೋಯ್ತು.”

ಮಿಕ್ಕ ಐಸನ್ನು ಅವರು ಒಡೆದು ಹುಲ್ಲಿನ ಮೇಲೆ ಹರಡಿದರು. ತುಂಡು ಕೈಗಿಡುವಾಗ ಅವನ ಬೆರಳು ತಾಗಿತು. ಮರಗಟ್ಟಿ ಹೋಗಿದ್ದ ಬೆರಳು. ಯದುಗಿರಿ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವನೂ ತೆಗೆದುಕೊಳ್ಳಲಿಲ್ಲ. ನಡುವೆ ಐಸು ಹನಿಹನಿಯಾಗಿ ಕರಗಿತು.

ಮೆಟ್ಟಿಲ ಮೇಲೆ ಅತ್ತೆ ಈ ಸಲ ಕೆಮ್ಮಲಿಲ್ಲ. ಎದ್ದು ಒಳಗೆ ಹೋದರು.

*

ಬಸ್ಸಿನಲ್ಲಿ ಅವನ ಪಕ್ಕ ಕೂತು ಪಂಚೆ ಒದ್ದೆಮಾಡಿಕೊಂಡವರು, ಐಸು ಯಾರಿಗೆಂದು ಕೇಳಿ ತಿಳಿದವರು ಊರಲ್ಲಿ ಹಲವರಿದ್ದರು. ಮರುದಿನವೇ ಅಂಗಡಿಬೀದಿಯಲ್ಲಿ ಒಬ್ಬ ಗೋಪಾಲಸ್ವಾಮಿಗಳನ್ನು ತಡೆದು ನಿಲ್ಲಿಸಿದ: “ಏನ್ ಸ್ವಾಮಿ, ನಿಮ್ಮ ಹಿತ್ತಲಲ್ಲಿ ಭಾರಿ ಬಿಸಿಯಂತೆ? ಅರಸೀಕೆರೆಯಿಂದ ಐಸು ಬರ್ತದಂತೆ?” ಸುತ್ತ ಇದ್ದವರು ನಕ್ಕರು.

ಅವರು ಮನೆಗೆ ಬಂದು ಕೂಗಾಡಲಿಲ್ಲ. ಓಣಿಯ ಬಾಗಿಲಿಗೆ ಬೀಗ ಜಡಿದು ಮಗಳನ್ನು ಕರೆದರು.

“ಗುರುವಾರ ಅಕ್ಕ ಮೇಲುಕೋಟೆಗೆ ಹೊರಡ್ತಾರೆ. ನೀನೂ ಅವರ ಜೊತೆ ಹೊರಡು.”

“ಎಷ್ಟು ದಿನಕ್ಕೆ, ಅಪ್ಪ?”

ಅವರು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ನಡೆದರು. ಹಿಂದಿರುಗುವ ಮಾತಿಲ್ಲವೆಂದು ಯದುಗಿರಿಗೆ ಅರ್ಥವಾಯಿತು.

ಬುಧವಾರ ಜಯದೇವಪ್ಪ ಬಂದ. ಬೀಗ ಕಂಡ. ಬೀದಿ ಸುತ್ತಿ ಮುಂಬಾಗಿಲಿಗೆ ಬಂದು ಜಗುಲಿಯ ಕೆಳಗೆ ನಿಂತ. ಒಳಗೆ, ನಡುಮನೆಯ ಕಂಬಕ್ಕೆ ಒರಗಿ ಯದುಗಿರಿ ಕೇಳಿಸಿಕೊಂಡಳು.

“ಹಿತ್ತಲ ಬಾಗಿಲಿಗೆ ಬೀಗ ಹಾಕಿದ್ದೀರಿ, ಸ್ವಾಮಿ. ಹಾಕಿದ್ದು ಸರಿಯೇ. ನಾನು ಮೊದಲೇ ಈ ಬಾಗಿಲಿಗೆ ಬರಬೇಕಿತ್ತು.” “ಯದುಗಿರಿಯವರನ್ನು ಮದುವೆ ಮಾಡಿಕೊಡಿ ಅಂತ ಕೇಳೋಕೆ ಬಂದಿದ್ದೀನಿ.”

ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿದ ಸದ್ದಾಯಿತು.

“ನಿಮ್ಮ ಜಾತಿ ಬೇರೆ” ಎಂದರು ಗೋಪಾಲಸ್ವಾಮಿಗಳು ನಿಧಾನವಾಗಿ. “ಅವಳ ಸ್ಥಿತಿ ಬೇರೆ. ನಾನು ನಾಳೆ ಬೆಳಗ್ಗೆ ದೇವರ ಮುಂದೆ ನಿಲ್ಲಬೇಕಾದವನು. ಏನು ಕೇಳ್ತಿದ್ದೀರಿ ಅನ್ನೋದು ಗೊತ್ತಿದೆಯೇ?”

“ಗೊತ್ತಿದೆ. ನಮ್ಮ ಅಪ್ಪನೂ ‘ಅವಳನ್ನ ತಂದ್ರೆ ಈ ಹೊಸಲು ತುಳೀಬ್ಯಾಡ’ ಅಂದಿದ್ದಾರೆ. ಅದನ್ನೂ ಮುಚ್ಚಿಡಲ್ಲ.”

“ಇಬ್ಬರೂ ಮಾತಾಡ್ತಿದ್ದೀರಲ್ಲ” ಚೆಲುವಾಂಬ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. “ಅವಳನ್ನ ಯಾರಾದ್ರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಯದುಗಿರಿ ಹೊರಗೆ ಬಂದಳು. ಅವನ ಮುಖ ಅರಳಿದ್ದನ್ನು ಕಂಡು ಅವಳಿಗೆ ಕೋಪ ಉಕ್ಕಿತು.

“ಗೆಡ್ಡೆ ಎಷ್ಟು ಆಳ ಅಂತ ನನಗೆ ಹೇಳಿದ್ರಿ. ಎಷ್ಟು ನೀರು ಅಂತ ಹೇಳಿದ್ರಿ. ಇದನ್ನ ಮಾತ್ರ ನಿಮ್ಮಪ್ಪನ ಹತ್ತಿರ ಹೇಳಿದ್ದೀರಿ, ನಮ್ಮಪ್ಪನ ಹತ್ತಿರ ಹೇಳ್ತಿದ್ದೀರಿ. ನನ್ನ ಹತ್ತಿರ?”

ಅವನ ಮುಖದ ಬಣ್ಣ ಇಳಿಯಿತು. “ತಪ್ಪಾಯ್ತು” ಎಂದ. “ಕೇಳಿದ್ರೆ ಇಲ್ಲ ಅಂತೀರೇನೋ ಅಂತ ಭಯ ಇತ್ತು.”

“ಈಗ ಹೋಗಿ.”

ಅವನು ಹೋದ. ಒಂದು ಸಲವೂ ತಿರುಗಲಿಲ್ಲ. ಉಗ್ರಾಣದ ಕತ್ತಲಲ್ಲಿ ಕೂತ ಯದುಗಿರಿಗೆ ತನ್ನ ಮೇಲೇ ನಂಬಿಕೆಯಿರಲಿಲ್ಲ. ಬೈದದ್ದು ಸರಿಯೇ. ಹೋಗಿ ಅಂದದ್ದು? ಹೌದು ಅಂದರೆ ಅಪ್ಪ ನಾಳೆ ಯಾವ ಮುಖ ಹೊತ್ತು ದೇವಸ್ಥಾನಕ್ಕೆ ಹೋಗಬೇಕು? ಇಲ್ಲ ಅಂದರೆ? ಆಮೇಲಿನದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೆಟ್ಟಿಲ ಮೇಲೆ ಕೂತ ಕೆಂಪು ಸೀರೆಯನ್ನು ದಿನವೂ ನೋಡುತ್ತಿದ್ದಳಲ್ಲ.

*

ಗುರುವಾರ ಬೆಳಗ್ಗೆ ನೀರು ಹಾಕಲು ಹೋದಾಗ ಮೊಗ್ಗುಗಳ ಹಸಿರಿನೊಳಗಿಂದ ಕೆಂಪು ಗೆರೆ ಇಣುಕುತ್ತಿತ್ತು. ಎಷ್ಟು ನೀರು, ಯಾವ ಹೊತ್ತಿಗೆ ಎಂದು ತಾಯಿಗೆ ಹೇಳಿಕೊಟ್ಟಳು. ಚೆಲುವಾಂಬ ತಲೆ ಆಡಿಸಿದರು. ಅವರ ಕಣ್ಣು ಊದಿಕೊಂಡಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಅವನಿರಲಿಲ್ಲ. ಇರಬಾರದೆಂದೇ ಅವಳು ಬೇಡಿಕೊಂಡಿದ್ದಳು. ಆದರೂ ಬಸ್ಸು ಯಗಚಿ ದಾಟುವವರೆಗೆ ಹಿಂದಕ್ಕೇ ನೋಡಿದಳು.

ಹಗರೆ ಬಂತು. ರಸ್ತೆಯ ಬದಿಗೇ ಸರ್ಕಾರಿ ತೋಟ. ಬೇಲಿಯಾಚೆ ನಾಲ್ಕೈದು ಮಂದಿ ರೈತರ ನಡುವೆ ಅವನು ಕುಕ್ಕರುಗಾಲಲ್ಲಿ ಕೂತು ಏನೋ ತೋರಿಸುತ್ತಿದ್ದ. ರಸ್ತೆಯತ್ತ ನೋಡುತ್ತಲೇ ಇರಲಿಲ್ಲ. ಅವಳು ಈ ಬಸ್ಸಿನಲ್ಲಿ ಇರುವುದೂ ಅವನಿಗೆ ಗೊತ್ತಿರಲಿಲ್ಲ. ಈಗ ಸುಮ್ಮನೆ ಕೂತರೆ ಸಾಕು, ಎಲ್ಲ ತಾನಾಗಿಯೇ ಮುಗಿದುಹೋಗುತ್ತಿತ್ತು.

ಜನ ಹತ್ತಿದರು. ಕಂಡಕ್ಟರ್ ಸೀಟಿ ಊದಿದ.

“ನಿಲ್ಲಿಸಿ!” ಯದುಗಿರಿ ಎದ್ದು ನಿಂತಿದ್ದಳು.

ವೆಂಕಟಲಕ್ಷ್ಮಮ್ಮ ಅವಳ ಸೆರಗು ಹಿಡಿದರು. “ಎಲ್ಲಿಗೆ ಕಣೇ? ಕೂತ್ಕೋ. ಎಲ್ಲರೂ ನೋಡ್ತಿದ್ದಾರೆ.”

“ನೋಡಲಿ, ಅತ್ತೆ.”

“ನಿಮ್ಮಪ್ಪನಿಗೆ ನಾನೇನು ಹೇಳಲಿ?”

“ನಾನೇ ಹೇಳ್ತೀನಿ. ಇವತ್ತೇ ಹೋಗಿ ಹೇಳ್ತೀನಿ.”

ಅತ್ತೆಯ ಹಿಡಿತ ಬಿಗಿಯಾಯಿತು. ಆಮೇಲೆ ಅವರು ಯಾರಿಗೂ ಕೇಳಿಸದ ದನಿಯಲ್ಲಿ ಹೇಳಿದರು: “ನನಗೆ ಆಗ ಹದಿಮೂರು ಕಣೇ. ಬಸ್ಸೂ ಇರಲಿಲ್ಲ, ಇಳಿಯೋಕೆ ಒಂದು ಊರೂ ಇರಲಿಲ್ಲ.” ಬೆರಳುಗಳು ಸಡಿಲಗೊಂಡವು. “ಇಳಿ. ಬೇಗ ಇಳಿ. ನನ್ನ ಮನಸ್ಸು ತಿರುಗೋದರೊಳಗೆ ಇಳಿ.”

ಬೇಲಿಯ ಬಳಿ ಅವಳನ್ನು ಮೊದಲು ಕಂಡದ್ದು ರೈತರು. “ಸಾಮಿ, ಯಾರೋ ಅಮ್ಮಾವ್ರು ಬಂದವ್ರೆ” ಎಂದನೊಬ್ಬ. ಜಯದೇವಪ್ಪ ಎದ್ದ. ಕೈಯ ಮಣ್ಣು ಒರೆಸಿಕೊಳ್ಳುವುದನ್ನೂ ಮರೆತು ಬಂದ.

“ಈಗ ಕೇಳಿ” ಎಂದಳು. ನಡೆದು ಬಂದದ್ದು ನಾಲ್ಕು ಮಾರು. ಉಸಿರು ಮಾತ್ರ ಬೆಟ್ಟ ಹತ್ತಿದಂತೆ ಏದುತ್ತಿತ್ತು.

“ಏನು?”

“ನಿನ್ನೆ ನನ್ನನ್ನ ಬಿಟ್ಟು ಎಲ್ಲರನ್ನೂ ಕೇಳಿದ್ರಲ್ಲ, ಅದು.”

ಅವನು ಬೇಲಿಯ ಗಳ ಹಿಡಿದುಕೊಂಡ. “ಯದುಗಿರಿ, ನನಗೆ ನೀವು ಬೇಕು. ಗೆಡ್ಡೆ ನೆಟ್ಟಾಯ್ತು, ಹೇಳಿಕೊಟ್ಟಾಯ್ತು, ವಾರವಾರ ಬರೋ ಕೆಲಸವೇ ಇರಲಿಲ್ಲ. ಆದ್ರೂ ಬಂದೆ. ನಮ್ಮ ಮನೆ ಬಾಗಿಲು ಮುಚ್ಚಿದೆ. ನಿಮ್ಮದೂ ಮುಚ್ಚಬಹುದು. ಮುಂದೆ ಸುಖವಾಗಿಡ್ತೀನಿ ಅಂತ ದೊಡ್ಡ ಮಾತು ಹೇಳಲಾರೆ. ನಿಮ್ಮನ್ನ ಕೇಳದೆ ಇನ್ನು ಏನೂ ಮಾಡಲ್ಲ. ಇದೊಂದು ಹೇಳಬಲ್ಲೆ. ನನ್ನನ್ನ ಮದುವೆ ಆಗ್ತೀರಾ?”

“ಆಗ್ತೀನಿ” ಎಂದಳು ಯದುಗಿರಿ. ಕಣ್ಣು ತುಂಬಿ ಬಂದರೂ ದನಿ ಗಟ್ಟಿಯಾಗಿತ್ತು. “ಕದ್ದು ಅಲ್ಲ. ಈಗ ಬೇಲೂರಿನ ಬಸ್ಸಿಗೆ ನನ್ನ ಜೊತೆ ಬನ್ನಿ. ಅಪ್ಪನ ಎದುರಿಗೆ ಹೇಳಬೇಕು.”

“ಹೆದರಿಕೆ ಆಗ್ತಿಲ್ವಾ?”

“ಕೈಕಾಲು ನಡುಗ್ತಿದೆ. ನಿಮಗೆ?”

“ನನಗೂ.”

ಬಸ್ಸಿಗಾಗಿ ಅವರು ಹೊಂಗೆಯ ಮರದ ಕೆಳಗೆ ಕಾದರು, ನಡುವೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.

*

ನೆತ್ತಿಯ ಬಿಸಿಲಲ್ಲಿ, ಬೀದಿಯ ಎಲ್ಲ ಜಗುಲಿಗಳೂ ನೋಡುತ್ತಿರುವಾಗ, ಇಬ್ಬರೂ ಮುಂಬಾಗಿಲಿಗೆ ಬಂದರು. ಚೆಲುವಾಂಬ ಒಂದು ಕ್ಷಣ ಬಾಯಿಗೆ ಸೆರಗು ಹಿಡಿದರು. ಆಮೇಲೆ ಪಕ್ಕಕ್ಕೆ ಸರಿದು, “ಒಳಗೆ ಬನ್ನಿ” ಎಂದರು. ಅವನಿಗೆ ಹೇಳಿದ ಮಾತು ಅದು. “ಅವರು ಹಿತ್ತಲಲ್ಲಿದ್ದಾರೆ.”

ಗೋಪಾಲಸ್ವಾಮಿಗಳು ಗೋಣಿಯ ಚಪ್ಪರದ ಬಳಿ ನಿಂತಿದ್ದರು. ಬೆಳಗ್ಗೆ ಗೆರೆಯಷ್ಟೇ ಇದ್ದ ಕೆಂಪು ಈಗ ಬಿರಿದಿತ್ತು. ದಂಟು ಗಿಡ್ಡ, ಕಾಶ್ಮೀರದಲ್ಲಿ ಇದರ ಎರಡರಷ್ಟು ಎತ್ತರವಂತೆ. ಹೂವಿಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ. ಬಿಸಿಲಿನ ಒಂದು ಕೋಲು ತಾಗಿದ ಕಡೆ ಎಸಳಿನೊಳಗೆ ದೀಪ ಹಚ್ಚಿಟ್ಟಂತೆ ಬೆಳಗುತ್ತಿತ್ತು.

ಯದುಗಿರಿ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಅಪ್ಪ ಅವಳ ಕಡೆ ನೋಡಲಿಲ್ಲ.

“ಎರಡು ದಿನದ ಹೂವಿಗೆ ಇಷ್ಟು ರಂಪ” ಎಂದರು ಕೊನೆಗೆ.

“ಎರಡು ದಿನ ಅಲ್ಲ, ಅಪ್ಪ. ನೆರಳಲ್ಲಿಟ್ಟು ನೋಡಿಕೊಂಡ್ರೆ ಒಂದು ವಾರ ಇರುತ್ತೆ.”

ಅವರು ಬಾವಿಯಲ್ಲಿ ನೀರು ಸೇದಿ ಕಾಲು ತೊಳೆದುಕೊಂಡು ಒಳಗೆ ಹೋದರು. ಆ ಸಂಜೆಯೇ ದೇವಸ್ಥಾನದ ಪೂಜೆಯ ತಮ್ಮ ಸರದಿಯನ್ನು ದಾಯಾದಿಯೊಬ್ಬರಿಗೆ ಬಿಟ್ಟುಕೊಟ್ಟರು. ಯಾರೂ ಕೇಳುವ ಮೊದಲೇ. ಮಗಳನ್ನು ಮನೆಯಿಂದ ಹೋಗು ಅನ್ನಲಿಲ್ಲ, ಅವಳ ಜೊತೆ ಮಾತೂ ಆಡಲಿಲ್ಲ. ಹಾಸನದ ರಿಜಿಸ್ಟರ್ ಕಚೇರಿಯಲ್ಲಿ ಮದುವೆಯ ನೋಟೀಸು ಹಾಕಿ ಕಾಯುವ ತಿಂಗಳು ಪೂರ್ತಿ ಯದುಗಿರಿ ಅದೇ ಮನೆಯಲ್ಲಿ ಬಡಿಸಿದಳು. ಅವರು ತಲೆ ತಗ್ಗಿಸಿ ಉಂಡು ಎದ್ದರು. ಒಂದೊಂದು ಊಟವೂ ಒಂದು ಪರೀಕ್ಷೆಯಂತಿತ್ತು.

ರಿಜಿಸ್ಟರ್ ಮದುವೆಯ ದಿನ ಹಗರೆ ತೋಟದ ಮೇಸ್ತ್ರಿ ನಂಜಪ್ಪ ಮತ್ತು ಅವನ ಹೆಂಡತಿ ಮಹದೇವಮ್ಮ ಸಾಕ್ಷಿಗೆ ಬಂದರು. ಕಾನೂನಿಗೆ ಮೂರನೆಯ ಸಾಕ್ಷಿಯೊಬ್ಬರು ಬೇಕಿತ್ತು. ಬರುತ್ತೇನೆಂದಿದ್ದ ಗೆಳೆಯ ಬರಲಿಲ್ಲ. ಅಧಿಕಾರಿ ಗಡಿಯಾರ ನೋಡಿದರು. ಜಯದೇವಪ್ಪ ಬಾಗಿಲಿಗೂ ಬೆಂಚಿಗೂ ಓಡಾಡಿ ಸೋತ. ಊಟದ ಹೊತ್ತಾಗುತ್ತಿದೆ, ನಾಳೆ ಬನ್ನಿ ಎಂದು ಗುಮಾಸ್ತೆ ಪುಸ್ತಕ ಮುಚ್ಚಿದ.

ಆಗ ಕಾರಿಡಾರಿನಲ್ಲಿ ಬಳೆಯ ಸದ್ದಾಯಿತು. ಬೇಲೂರು ಬಿಟ್ಟು ಒಬ್ಬರೇ ಎಂದೂ ಬಸ್ಸು ಏರದಿದ್ದ ಚೆಲುವಾಂಬ, ಬೆವರಿದ ಮುಖದಲ್ಲಿ, ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

“ಅಮ್ಮಾ!” ಯದುಗಿರಿ ಓಡಿ ಬಂದು ತಾಯಿಯ ಕೈ ಹಿಡಿದಳು. “ಅಪ್ಪ?”

“ತಾವು ಬರಲ್ಲ ಅಂದ್ರು.” ಚೆಲುವಾಂಬ ಮಗಳ ಕೆನ್ನೆ ಒರೆಸಿದರು. “ನೀನು ಹೋಗಬೇಡ ಅಂತ ಮಾತ್ರ ನನಗೆ ಅನ್ನಲಿಲ್ಲ. ಬಾ, ಎಲ್ಲಿ ರುಜು ಹಾಕಬೇಕು ತೋರಿಸು.”